ಆಗುಂಬೆ ಘಾಟಿಯಲ್ಲಿ ಕಳೆದುಹೋದ ಟೋಕನ್

ಹೆಬ್ರಿ ಕಡೆಯ ಸೇಲ್ಸ್‌ಮನ್ ಒಬ್ಬರು ವಾರಕ್ಕೆರಡು ಸಲ ಬೈಕಿನಲ್ಲಿ ಘಾಟಿ ಹತ್ತುತ್ತಿದ್ದರು. ಸೋಮೇಶ್ವರ, ಆಗುಂಬೆ, ತೀರ್ಥಹಳ್ಳಿ ದಾರಿಯ ಮೆಡಿಕಲ್ ಶಾಪುಗಳಿಂದ ಆರ್ಡರ್ ಪಡೆದು ಮೊಬೈಲ್ ಆಪಿಗೆ ತುಂಬುವುದು ಅವರ ಕೆಲಸ. ಆ ಆಪಿನ ಲಾಗಿನ್ ಭಾಗ ಬರೆದವನು ನಾನು. ಒಂದು ದಿನ ಅವರ ಫೋನ್ ಬಂತು: "ಸಾರ್, ಘಾಟಿ ಹತ್ತಿ ಬಂದ್ರೆ ಸಾಕು ಮಾರಾಯ್ರೆ, ನಿಮ್ಮ ಆಪಿಗೆ ನನ್ನ ಪರಿಚಯವೇ ಇರುವುದಿಲ್ಲ."

ಬೆಂಗಳೂರಿನ ಆಫೀಸಿನಲ್ಲಿ ಕೂತವರು ಮೊದಲು ಹೇಳುವ ಮಾತನ್ನೇ ನಾನೂ ಹೇಳಿದೆ: ನಿಮ್ಮ ಫೋನ್ ಹಳೆಯದಿರಬೇಕು.

ಅಲ್ಲಿ ಆಗುತ್ತಿದ್ದದ್ದು ಅರ್ಥವಾಗಬೇಕಾದರೆ ದರ್ಶಿನಿ ಹೋಟೆಲನ್ನು ನೆನೆಸಿಕೊಳ್ಳಬಹುದು. ಕ್ಯಾಷ್ ಕೌಂಟರಿನಲ್ಲಿ ದುಡ್ಡು ಕೊಟ್ಟರೆ ಟೋಕನ್ ಸಿಗುತ್ತದೆ. ದೋಸೆ ಹುಯ್ಯುವವರು ನಿಮ್ಮ ಹೆಸರು, ಊರು ಕೇಳುವುದಿಲ್ಲ. ಟೋಕನ್ ಇಟ್ಟರೆ ದೋಸೆ ಬರುತ್ತದೆ. ಆಪ್‌ಗಳದ್ದೂ ಇದೇ ಲೆಕ್ಕ. ಪಾಸ್‌ವರ್ಡೋ ಒಟಿಪಿಯೋ ಒಂದು ಕಡೆ ಒಂದೇ ಸಲ ಕೊಡಬೇಕು, ಆಮೇಲೆ ಎಲ್ಲ ಕಿಟಕಿಗಳಲ್ಲೂ ಟೋಕನ್ ತೋರಿಸಿದರಾಯಿತು. 2012ರ ಅಕ್ಟೋಬರಿನಲ್ಲಿ ಪ್ರಕಟವಾದ 'ಓಆತ್ 2.0' ಎಂಬ ಮಾನದಂಡ ಈ ಕ್ರಮವನ್ನು ಬರೆದಿಟ್ಟಿತು. ಅದರ ಜೊತೆಗೇ ಬಂದ ಇನ್ನೊಂದು ದಸ್ತಾವೇಜು ಇದನ್ನು 'ಬೇರರ್ ಟೋಕನ್' ಎಂದು ಕರೆಯಿತು. ಬೇರರ್ ಚೆಕ್ಕಿನ ಬೇರರ್ ಅದೇ: ಯಾರು ತಂದರೋ ಅವರಿಗೆ.

ಅಪಾಯ ಇರುವುದೂ ಅಲ್ಲೇ. 2018ರ ಸೆಪ್ಟೆಂಬರಿನಲ್ಲಿ ಫೇಸ್‌ಬುಕ್ಕಿನ 'ವ್ಯೂ ಆ್ಯಸ್' ಸೌಲಭ್ಯದ ದೋಷ ಹಿಡಿದು ದಾಳಿಕೋರರು ಸುಮಾರು 3 ಕೋಟಿ ಖಾತೆಗಳ ಟೋಕನ್ ಕದ್ದರು. ಪಾಸ್‌ವರ್ಡ್ ಬದಲಿಸುವ ಅಗತ್ಯವಿಲ್ಲ ಎಂದು ಕಂಪನಿಯೇ ಹೇಳಿತು, ಏಕೆಂದರೆ ಕಳ್ಳರಿಗೆ ಪಾಸ್‌ವರ್ಡ್ ಬೇಕೇ ಇರಲಿಲ್ಲ. ಮುನ್ನೆಚ್ಚರಿಕೆಯದ್ದೂ ಸೇರಿ ಸುಮಾರು 9 ಕೋಟಿ ಖಾತೆಗಳ ಟೋಕನ್ ರದ್ದಾದವು.

ಇದನ್ನೆಲ್ಲ ಓದಿಕೊಂಡಿದ್ದ ನಾನು ನಮ್ಮ ಆಪಿನಲ್ಲಿ ಬಿಗಿ ಬಂದೋಬಸ್ತು ಮಾಡಿದ್ದೆ. ಕೆಲಸಕ್ಕೆ ಬಳಸುವ ಟೋಕನ್ನಿಗೆ 15 ನಿಮಿಷ ಆಯುಸ್ಸು. ಅದು ಮುಗಿದಾಗ ಹೊಸದನ್ನು ತರಲು 'ರಿಫ್ರೆಶ್ ಟೋಕನ್' ಎಂಬ ಇನ್ನೊಂದು. ಆ ರಿಫ್ರೆಶ್ ಟೋಕನ್ನೂ ಒಂದೇ ಬಳಕೆಗೆ. ಕೊಟ್ಟ ಕೂಡಲೆ ಹಳೆಯದು ಸತ್ತು ಹೊಸದು ಹುಟ್ಟುತ್ತದೆ. ಸತ್ತದ್ದನ್ನು ಯಾರಾದರೂ ಮತ್ತೆ ತಂದರೆ ಕಳ್ಳತನವಾಗಿದೆ ಎಂದು ತಿಳಿದು ಸರ್ವರ್ ಎಲ್ಲವನ್ನೂ ರದ್ದು ಮಾಡುತ್ತದೆ. ಕಾಗದದ ಮೇಲೆ ಅಚ್ಚುಕಟ್ಟು.

ಘಾಟಿಯಲ್ಲಿ ಆದದ್ದು ಹೀಗೆ. ಆಪ್ ಹಳೆಯ ರಿಫ್ರೆಶ್ ಟೋಕನ್ ಕಳಿಸಿತು. ಸರ್ವರ್ ಅದನ್ನು ಕೊಂದು ಹೊಸದನ್ನು ಕೊಟ್ಟಿತು. ಉತ್ತರ ಫೋನಿಗೆ ಮುಟ್ಟುವಷ್ಟರಲ್ಲಿ ಬೈಕು ತಿರುವು ದಾಟಿತ್ತು, ಸಿಗ್ನಲ್ ಹೋಗಿತ್ತು. ಸಿಗ್ನಲ್ ಬಂದೊಡನೆ ಆಪ್ ತನ್ನ ಬಳಿ ಇದ್ದ ಹಳೆಯದನ್ನೇ ಮತ್ತೆ ತೋರಿಸಿತು. ಸರ್ವರ್ "ಕಳ್ಳ!" ಎಂದು ಬಾಗಿಲು ಹಾಕಿಕೊಂಡಿತು. ಮತ್ತೆ ಲಾಗಿನ್ ಆಗಲು ಒಟಿಪಿ ಬೇಕು, ಒಟಿಪಿಯ ಮೆಸೇಜಿಗೂ ಸಿಗ್ನಲ್ ಬೇಕು. ಇಷ್ಟು ಸಾಲದೆಂಬಂತೆ, ಲಾಗ್ಔಟ್ ಆದಾಗ ಫೋನಿನಲ್ಲಿದ್ದ ಮಾಹಿತಿಯನ್ನೆಲ್ಲ ಅಳಿಸುವಂತೆಯೂ ನಾನೇ ಬರೆದಿದ್ದೆ. ಅವರು ಬೆಳಗಿನಿಂದ ಬರೆದುಕೊಂಡಿದ್ದ ಆರ್ಡರುಗಳು ಅದರಲ್ಲಿ ಹೋದವು. ನಾಚಿಕೆಯಾದದ್ದು ಇದಕ್ಕೆ.

ಕಾರಣ ಹಿಡಿಯಲು ಎರಡು ವಾರ ಬೇಕಾಯಿತು. ಆಫೀಸಿನ ವೈಫೈನಲ್ಲಿ ತೊಂದರೆ ಕಾಣಿಸಲೇ ಇಲ್ಲ. ಸರ್ವರಿನ ದಾಖಲೆಯಲ್ಲಿ ಒಂದೇ ಫೋನು ಒಂದೇ ಟೋಕನ್ನನ್ನು 40 ಸೆಕೆಂಡಿನ ಅಂತರದಲ್ಲಿ ಎರಡು ಸಲ ತಂದದ್ದು ಕಂಡಾಗ ಅನುಮಾನ ಬಂತು. ವೈಫೈ ಆರಿಸಿ, ಮೊಬೈಲ್ ಡೇಟಾದಲ್ಲಿ ಆಪಿನ ಬಟನ್ ಒತ್ತಿ ಲಿಫ್ಟಿನೊಳಗೆ ಹೋದೆ. ಬಾಗಿಲು ಮುಚ್ಚಿತು. ಮೂರನೆಯ ಪ್ರಯತ್ನಕ್ಕೆ ಆಪು ನನ್ನನ್ನೂ ಹೊರಗೆ ಹಾಕಿತು.

ಆಗ ಮಾನದಂಡಗಳನ್ನು ಮತ್ತೆ ಓದಿದೆ. 2025ರ ಜನವರಿಯಲ್ಲಿ ಬಂದ ಓಆತ್ ಸುರಕ್ಷತಾ ಮಾರ್ಗದರ್ಶಿಯೂ ಇದನ್ನು ಮುಚ್ಚಿಡುವುದಿಲ್ಲ: ಹಳೆಯ ಟೋಕನ್ ತಂದದ್ದು ಕಳ್ಳನೋ ಮಾಲೀಕನೋ ಎಂದು ಸರ್ವರಿಗೆ ತಿಳಿಯುವ ದಾರಿಯಿಲ್ಲ. ಹೋಲಿಕೆಗೆ ಹೇಳುವುದಾದರೆ, 5ಜಿ ಜಾಲದ ಒಳಗೂ ಟೋಕನ್ನಿನದೇ ವ್ಯವಸ್ಥೆ. ಎನ್‌ಆರ್‌ಎಫ್ ಎಂಬ ಘಟಕ ಟೋಕನ್ ಕೊಡುತ್ತದೆ, ಉಳಿದ ಘಟಕಗಳು ಅದನ್ನು ತೋರಿಸಿ ಪರಸ್ಪರ ಸೇವೆ ಪಡೆಯುತ್ತವೆ. ಆದರೆ ಅಲ್ಲಿನ ಯಂತ್ರಕ್ಕೆ ಟೋಕನ್ ತಪ್ಪಿಹೋದರೆ ತನ್ನ ಗುರುತು ಹೇಳಿ ಇನ್ನೊಂದು ಕೇಳಿದರಾಯಿತು. ಘಾಟಿಯ ಮನುಷ್ಯ ಬೈಕ್ ನಿಲ್ಲಿಸಿ ಹೆಲ್ಮೆಟ್ ತೆಗೆದು ಒಟಿಪಿಗೆ ಕಾಯಬೇಕು.

ನಾವು ಮಾಡಿದ ರಿಪೇರಿ ದೊಡ್ಡದೇನಲ್ಲ. ಹಳೆಯ ರಿಫ್ರೆಶ್ ಟೋಕನ್ 60 ಸೆಕೆಂಡಿನೊಳಗೆ ಮತ್ತೆ ಬಂದರೆ ಸರ್ವರ್ ಕೂಗಾಡುವುದಿಲ್ಲ, ಆಗಲೇ ಕೊಟ್ಟಿದ್ದ ಹೊಸದನ್ನೇ ಮತ್ತೆ ಕಳಿಸುತ್ತದೆ. ಈ ಸಡಿಲಿಕೆ ಕಳ್ಳನಿಗೂ ಸಿಗಬಾರದಲ್ಲ? ಅದಕ್ಕೆ 2023ರಲ್ಲಿ ಮಾನದಂಡವಾದ 'ಡಿಪಾಪ್' ವಿಧಾನ ಹಿಡಿದೆವು. ಫೋನಿನ ಸುರಕ್ಷಿತ ಚಿಪ್ಪಿನಲ್ಲಿ ಒಂದು ಗುಪ್ತ ಕೀಲಿ ಇರುತ್ತದೆ, ಪ್ರತಿ ಕೋರಿಕೆಗೂ ಅದರಿಂದ ಸಹಿ ಬೀಳುತ್ತದೆ. ಟೋಕನ್ ಮಾತ್ರ ಕದ್ದವನ ಹತ್ತಿರ ಆ ಸಹಿ ಇರುವುದಿಲ್ಲ. ಬೇರರ್ ಚೆಕ್ಕು ಅಕೌಂಟ್ ಪೇಯಿ ಆದಂತೆ. ಲಾಗ್ಔಟ್ ಆದರೂ ಕಳಿಸದ ಆರ್ಡರುಗಳು ಫೋನಿನಲ್ಲಿ ಬೀಗದೊಳಗೆ ಉಳಿಯುವಂತೆಯೂ ಮಾಡಿದೆವು. ಈ ಕೊನೆಯದಕ್ಕೆ ಅರ್ಧ ದಿನವೂ ಹಿಡಿಯಲಿಲ್ಲ, ಮೊದಲೇ ಮಾಡಬಹುದಿತ್ತು.

ನೀವೂ ಆಪ್ ಕಟ್ಟುವವರಾದರೆ ಬಿಡುಗಡೆಗೆ ಮುಂಚೆ ಒಂದು ಕೆಲಸ ಮಾಡಿ. ಟೋಕನ್ನಿನ ಆಯುಸ್ಸನ್ನು ಒಂದು ನಿಮಿಷಕ್ಕೆ ಇಳಿಸಿ, ವೈಫೈ ಆರಿಸಿ, ನಿಮ್ಮ ಕಟ್ಟಡದ ಲಿಫ್ಟಿನಲ್ಲಿ ಹತ್ತು ಸಲ ಮೇಲೆ ಕೆಳಗೆ ಓಡಾಡಿ.