ಗೋಡೆಯ ಮೇಲಿನ ನೀರಿನ ಗುರುತು ಮತ್ತು ಗ್ರಾಮಸಭೆಯ ನಿರ್ಣಯ: ಆವೃತ್ತಿ ವಿತರಣಾ ಪಟ್ಟಿ ಹಾಗೂ ಆಲೇಖಗಳ ಪಾಠ

2019ರ ಆಗಸ್ಟ್ ತಿಂಗಳಲ್ಲಿ ವೇದಗಂಗಾ ನದಿಯ ನೀರು ಯಮಗರ್ಣಿಯ ಬಳಿ ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯನ್ನು ಆವರಿಸಿ ಸಂಚಾರ ಸ್ಥಗಿತಗೊಂಡಿತು. 2021ರ ಜುಲೈನಲ್ಲಿ ಅದೇ ಸ್ಥಿತಿ ಮರುಕಳಿಸಿತು. ಮಳೆ ಹೆಚ್ಚಾದ ವರ್ಷಗಳಲ್ಲಿ ಜತ್ರಾಟ–ಭಿವಶಿ, ಸಿದ್ನಾಳ–ಅಕ್ಕೋಳ, ಕಾರದಗಾ–ಭೋಜ ಸೇತುವೆಗಳು ಮುಳುಗುವುದು ನಿಪ್ಪಾಣಿ ತಾಲೂಕಿನ ಜನರಿಗೆ ಹೊಸದಲ್ಲ. ನೀರು ಇಳಿದ ಮೇಲೆ ಮನೆಯ ಗೋಡೆಗಳ ಮೇಲೆ ಕೆಸರಿನ ಗೆರೆಯೊಂದು ಉಳಿಯುತ್ತದೆ. ಆ ಗೆರೆಯೇ ಒಂದು ದತ್ತಾಂಶ. ಅದನ್ನು ಅಳೆದು, ಬರೆದು, ಕ್ರಮಪಡಿಸಿದರೆ ಮುಂದಿನ ಮಳೆಗಾಲದಲ್ಲಿ ಯಾವ ಕುಟುಂಬವನ್ನು ಮೊದಲು ಸ್ಥಳಾಂತರಿಸಬೇಕು ಎಂಬ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಕ್ರಮಪಡಿಸುವ ವಿಧಾನವನ್ನು ಈ ಪಾಠವು ಹಂತ ಹಂತವಾಗಿ ವಿವರಿಸುತ್ತದೆ.

1. ಕಚ್ಚಾ ದತ್ತಾಂಶ

ನದಿದಂಡೆಯ ಒಂದು ಗ್ರಾಮದಲ್ಲಿ 30 ಮನೆಗಳಿಗೆ ನೀರು ನುಗ್ಗಿತ್ತೆಂದು ಭಾವಿಸಬಹುದು. ಪ್ರತಿ ಮನೆಯ ಒಳನೆಲದಿಂದ ಕೆಸರಿನ ಗೆರೆಯವರೆಗಿನ ಎತ್ತರವನ್ನು ಇಂಚುಗಳಲ್ಲಿ ಅಳೆಯಲಾಗಿದೆ. ಈ ಅಂಕಿಗಳು ಅಭ್ಯಾಸಕ್ಕಾಗಿ ಕಲ್ಪಿಸಿದವು. ಯಾವುದೇ ಗ್ರಾಮದ ದಾಖಲೆಯಲ್ಲ.

8, 14, 5, 27, 62, 10, 18, 3, 41, 9,
22, 66, 12, 7, 30, 16, 6, 70, 24, 11,
20, 4, 33, 64, 15, 9, 38, 13, 61, 26

ಮನೆಯಿಂದ ಮನೆಗೆ ಹೋದ ಕ್ರಮದಲ್ಲೇ ಬರೆದಿರುವ ಈ ಪಟ್ಟಿಯನ್ನು ಸಭೆಯಲ್ಲಿ ಓದಿದರೆ ಯಾರಿಗೂ ಏನೂ ಸ್ಪಷ್ಟವಾಗುವುದಿಲ್ಲ. ಆದುದರಿಂದ ಸಾಮಾನ್ಯವಾಗಿ ಸರಾಸರಿಯನ್ನು ಕೇಳಲಾಗುತ್ತದೆ. ಎಲ್ಲ ಅಳತೆಗಳ ಮೊತ್ತ 744. ಅದನ್ನು 30ರಿಂದ ಭಾಗಿಸಿದರೆ 24.8 ಇಂಚು, ಅಂದರೆ ಎರಡು ಅಡಿಗಿಂತ ಸ್ವಲ್ಪ ಹೆಚ್ಚು. ಎರಡು ಅಡಿ ನೀರೆಂದರೆ ಧಾನ್ಯದ ಚೀಲಗಳನ್ನು ಅಟ್ಟಕ್ಕೇರಿಸಿ, ಮಂಚದ ಮೇಲೆ ಕುಳಿತು ರಾತ್ರಿ ಕಳೆಯಬಹುದೆಂದು ಸಭೆಗೆ ತೋರೀತು. ಈ ತೀರ್ಮಾನ ಎಷ್ಟು ಅಪಾಯಕಾರಿ ಎಂಬುದು ಮುಂದಿನ ಹಂತದಲ್ಲಿ ತಿಳಿಯುತ್ತದೆ.

2. ಆವೃತ್ತಿ ವಿತರಣಾ ಪಟ್ಟಿ

ಅಳತೆಗಳನ್ನು ಸಮಾನ ಅಂತರದ ಗುಂಪುಗಳಾಗಿ ವಿಂಗಡಿಸಬೇಕು. ಇಂತಹ ಗುಂಪಿಗೆ ವರ್ಗಾಂತರ ಎಂದೂ, ಒಂದು ಗುಂಪಿನಲ್ಲಿ ಬರುವ ಮನೆಗಳ ಸಂಖ್ಯೆಗೆ ಆವೃತ್ತಿ ಎಂದೂ ಹೆಸರು. ಇಲ್ಲಿ 12 ಇಂಚಿಗೆ, ಅಂದರೆ ಒಂದು ಅಡಿಗೆ, ಒಂದು ವರ್ಗವನ್ನು ಮಾಡಲಾಗಿದೆ. ಪಟ್ಟಿಯನ್ನು ಮೊದಲಿನಿಂದ ಓದುತ್ತ ಪ್ರತಿ ಮನೆಗೆ ಅದರ ವರ್ಗದ ಮುಂದೆ ಒಂದು ಗೀಟು ಹಾಕಬೇಕು. ಐದನೆಯದನ್ನು ನಾಲ್ಕು ಗೀಟುಗಳ ಮೇಲೆ ಅಡ್ಡಲಾಗಿ ಎಳೆದರೆ ಎಣಿಕೆ ಸುಲಭ.

0–11 ಇಂಚು: ■■■■■■■■■■ 10 ಮನೆ
12–23 ಇಂಚು: ■■■■■■■■ 8 ಮನೆ
24–35 ಇಂಚು: ■■■■■ 5 ಮನೆ
36–47 ಇಂಚು: ■■ 2 ಮನೆ
48–59 ಇಂಚು: 0
60–71 ಇಂಚು: ■■■■■ 5 ಮನೆ
ಒಟ್ಟು: 30 ಮನೆ

ಈಗ ಚಿತ್ರ ಸ್ಪಷ್ಟವಾಗುತ್ತದೆ. 18 ಮನೆಗಳಲ್ಲಿ ನೀರು ಎರಡು ಅಡಿಯನ್ನೂ ಮುಟ್ಟಿಲ್ಲ. ಆದರೆ 5 ಮನೆಗಳಲ್ಲಿ ಐದು ಅಡಿಯನ್ನು ಮೀರಿದೆ. ಅಲ್ಲಿ ಮಂಚವೂ ಮುಳುಗುತ್ತದೆ, ಮಕ್ಕಳೂ ಮುಳುಗುತ್ತಾರೆ. ಸರಾಸರಿ ತಪ್ಪು ಲೆಕ್ಕವಲ್ಲ. ಆದರೆ ಈ ಐದು ಮನೆಗಳು ಅದರೊಳಗೆ ಮರೆಯಾಗಿದ್ದವು. ಆವೃತ್ತಿ ಪಟ್ಟಿ ಅವುಗಳನ್ನು ಹೊರಗೆ ತಂದಿತು.

48–59ರ ಖಾಲಿ ಸಾಲನ್ನು ಅಳಿಸಬಾರದು. ಆ ಖಾಲಿ ಜಾಗವೂ ಒಂದು ಮಾಹಿತಿಯೇ. ಉಳಿದ ಮನೆಗಳಿಂದ ಈ ಐದು ಮನೆಗಳು ಬೇರೆಯಾಗಿ ನಿಂತಿವೆ. ಅವು ಒಂದೇ ತಗ್ಗಿನ ಓಣಿಯಲ್ಲಿವೆಯೇ, ಹಳ್ಳದ ನೀರು ಹಿಮ್ಮುಖವಾಗಿ ಅಲ್ಲಿಗೆ ನುಗ್ಗುತ್ತಿದೆಯೇ ಎಂಬುದನ್ನು ಸದಸ್ಯರು ಸ್ಥಳಕ್ಕೆ ಹೋಗಿಯೇ ನೋಡಬೇಕು. ಪಟ್ಟಿಯು ಎಲ್ಲಿ ನೋಡಬೇಕೆಂದು ಹೇಳುತ್ತದೆ, ಕಾರಣವನ್ನು ಹೇಳುವುದಿಲ್ಲ.

3. ವರ್ಗಾಂತರದ ಆಯ್ಕೆ

ಇದೇ ಅಂಕಿಗಳನ್ನು 0–35 ಮತ್ತು 36–71 ಎಂದು ಎರಡೇ ವರ್ಗ ಮಾಡಿದರೆ 23 ಮತ್ತು 7 ಮನೆಗಳು ದೊರೆಯುತ್ತವೆ. ಐದು ಮನೆಗಳ ಪ್ರತ್ಯೇಕತೆ ಮತ್ತೆ ಮರೆಯಾಗುತ್ತದೆ. ಒಂದೊಂದು ಇಂಚಿಗೆ ಒಂದೊಂದು ವರ್ಗ ಮಾಡಿದರೆ ಕಚ್ಚಾ ಪಟ್ಟಿಯೇ ಮರಳಿ ಬಂದಂತೆ. ವರ್ಗಗಳು ಒಂದರ ಮೇಲೊಂದು ಬೀಳಬಾರದು. 0–12, 12–24 ಎಂದು ಬರೆದರೆ 12 ಇಂಚಿನ ಮನೆ ಯಾವ ಸಾಲಿಗೆ ಸೇರಬೇಕೆಂಬ ಗೊಂದಲ ಉಂಟಾಗಿ, ಒಂದೇ ಮನೆ ಎರಡು ಬಾರಿ ಎಣಿಕೆಯಾಗಬಹುದು. ಕೊನೆಗೆ ಎಲ್ಲ ಆವೃತ್ತಿಗಳ ಮೊತ್ತ 30 ಆಗಿದೆಯೇ ಎಂದು ತಾಳೆ ನೋಡಬೇಕು.

4. ಸಂಚಿತ ಆವೃತ್ತಿ

ಕೆಳಗಿನ ಸಾಲಿನಿಂದ ಮೇಲಕ್ಕೆ ಕೂಡಿಸುತ್ತ ಹೋದರೆ ಸಂಚಿತ ಆವೃತ್ತಿ ದೊರೆಯುತ್ತದೆ: 60 ಇಂಚು ಮತ್ತು ಅದಕ್ಕೂ ಹೆಚ್ಚು 5 ಮನೆ, 36 ಇಂಚು ಮತ್ತು ಹೆಚ್ಚು 7 ಮನೆ, 24 ಇಂಚು ಮತ್ತು ಹೆಚ್ಚು 12 ಮನೆ. ಸ್ಥಳಾಂತರದ ಯೋಜನೆಗೆ ನೇರವಾಗಿ ಬೇಕಾಗುವುದು ಇದೇ. ಮೊದಲ ಸೂಚನೆಗೆ 5 ಕುಟುಂಬ, ನೀರು ಏರುತ್ತಿದ್ದರೆ 7, ಮತ್ತೂ ಏರಿದರೆ 12 ಎಂದು ಕಾಳಜಿ ಕೇಂದ್ರದ ಕೊಠಡಿ, ಟ್ರ್ಯಾಕ್ಟರ್, ದನಕರುಗಳ ಮೇವು ಇವುಗಳನ್ನು ಮುಂಚಿತವಾಗಿ ನಿಗದಿಪಡಿಸಬಹುದು.

5. ಆಲೇಖ ರಚನೆ

ಅಡಿ, ಇಂಚುಗಳಂತಹ ನಿರಂತರ ಅಳತೆಗಳಿಗೆ ಹಿಸ್ಟೋಗ್ರಾಂ ಸೂಕ್ತ. ಅದರಲ್ಲಿ ಕಂಬಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ವಾರ್ಡುವಾರು ಮನೆಗಳ ಸಂಖ್ಯೆಯಂತಹ ಬಿಡಿ ಗುಂಪುಗಳಿಗೆ ನಡುವೆ ಅಂತರವಿರುವ ಸ್ತಂಭಾಲೇಖ ಸೂಕ್ತ. ಒಟ್ಟಿನಲ್ಲಿ ಪ್ರತಿ ಗುಂಪಿನ ಪಾಲನ್ನು ತೋರಿಸಲು ವೃತ್ತ ನಕ್ಷೆ ಬಳಸಬಹುದು. ಇಲ್ಲಿ 360 ಡಿಗ್ರಿಯನ್ನು 30 ಮನೆಗಳಿಗೆ ಹಂಚಿದರೆ ಒಂದು ಮನೆಗೆ 12 ಡಿಗ್ರಿ ಬರುತ್ತದೆ. ಆದರೆ ವೃತ್ತ ನಕ್ಷೆಯಲ್ಲಿ 48–59ರ ಖಾಲಿ ಜಾಗ ಕಾಣಿಸುವುದಿಲ್ಲ ಎಂಬುದನ್ನು ಮರೆಯಬಾರದು.

ಕಂಬಗಳ ಎತ್ತರವನ್ನು ತೋರಿಸುವ ಲಂಬ ಅಕ್ಷವು ಸೊನ್ನೆಯಿಂದಲೇ ಆರಂಭವಾಗಬೇಕು. 4ರಿಂದ ಆರಂಭಿಸಿದರೆ 5 ಮನೆಗಳ ಕಂಬವು 10 ಮನೆಗಳ ಕಂಬದ ಅರ್ಧವಾಗಿರುವ ಬದಲು ಆರರಲ್ಲಿ ಒಂದು ಪಾಲಿನಷ್ಟೇ ಕಾಣುತ್ತದೆ. 2 ಮನೆಗಳ ಕಂಬವಂತೂ ಕಾಣಿಸುವುದೇ ಇಲ್ಲ. ಆಲೇಖದ ಮೇಲೆ ಶೀರ್ಷಿಕೆ, ಮಾನ, ಅಳತೆ ಮಾಡಿದ ದಿನಾಂಕ ಮತ್ತು ಮನೆಗಳ ಒಟ್ಟು ಸಂಖ್ಯೆ ಇರತಕ್ಕದ್ದು.

ಕನ್ನಡ ಮತ್ತು ಮರಾಠಿ ಎರಡನ್ನೂ ಆಡುವ ಈ ಗಡಿಭಾಗದ ಗ್ರಾಮಸಭೆಗಳಲ್ಲಿ ಕಂಬದ ಎತ್ತರ ಎಲ್ಲರಿಗೂ ಅರ್ಥವಾಗುವ ಭಾಷೆ. ಅಕ್ಷರ ಬಾರದ ಹಿರಿಯರೂ ಅದನ್ನು ನೋಡಿ ಪ್ರಶ್ನೆ ಕೇಳಬಲ್ಲರು. ಸೂಚನಾ ಫಲಕದಲ್ಲಿ ಮನೆಗಳ ಸಂಖ್ಯೆಯನ್ನು ಮಾತ್ರ ಪ್ರದರ್ಶಿಸುವುದು ಉಚಿತ. ಕುಟುಂಬಗಳ ಹೆಸರುಗಳು ಕಚೇರಿಯ ವಹಿಯಲ್ಲಿರಲಿ.

6. ಎಚ್ಚರ ವಹಿಸಬೇಕಾದ ಅಂಶಗಳು

ಬೀಗ ಹಾಕಿದ ಮನೆಯನ್ನು ಸೊನ್ನೆ ಎಂದು ಬರೆಯಬಾರದು. “ಅಳತೆ ದೊರೆತಿಲ್ಲ” ಎಂದು ಪ್ರತ್ಯೇಕವಾಗಿ ದಾಖಲಿಸಬೇಕು. ಸೊನ್ನೆ ಎಂದರೆ ನೀರು ಬಂದಿಲ್ಲವೆಂದರ್ಥ. ದುಡಿಮೆಗಾಗಿ ಊರು ಬಿಟ್ಟ ಕುಟುಂಬವು ಹೀಗೆ ಪಟ್ಟಿಯಿಂದಲೇ ಜಾರಿಹೋಗುತ್ತದೆ. 2019 ಮತ್ತು 2021ರ ಗುರುತುಗಳನ್ನು ಒಂದೇ ಪಟ್ಟಿಯಲ್ಲಿ ಬೆರೆಸಬಾರದು. ಎಲ್ಲ ಮನೆಗಳಲ್ಲೂ ಒಳನೆಲದಿಂದಲೇ ಅಳೆಯಬೇಕು. ಒಂದು ಕಡೆ ಕಟ್ಟೆಯಿಂದ, ಇನ್ನೊಂದು ಕಡೆ ರಸ್ತೆಯಿಂದ ಅಳೆದರೆ ಹೋಲಿಕೆಗೆ ಅರ್ಥವಿರುವುದಿಲ್ಲ.

ಪ್ರವಾಹ ಮತ್ತು ಅಂಕಿಅಂಶಗಳ ನಂಟು ಹಳೆಯದು. ಭಾರತೀಯ ಸಂಖ್ಯಾಶಾಸ್ತ್ರದ ಪ್ರವರ್ತಕ ಪಿ. ಸಿ. ಮಹಲನೋಬಿಸ್ ಅವರು 1920ರ ದಶಕದಲ್ಲಿ ಒಡಿಶಾದ ನದಿಗಳ ಪ್ರವಾಹವನ್ನು ದೀರ್ಘಕಾಲದ ದಾಖಲೆಗಳ ಆಧಾರದ ಮೇಲೆ ಅಧ್ಯಯನ ಮಾಡಿದ್ದರು. ಅವರ ಜನ್ಮದಿನವಾದ ಜೂನ್ 29 ರಾಷ್ಟ್ರೀಯ ಸಾಂಖ್ಯಿಕ ದಿನ. ಆ ದಿನಕ್ಕೆ ಸರಿಯಾಗಿ ನಮ್ಮ ನದಿಗಳಿಗೂ ಹೊಸ ನೀರು ಬರತೊಡಗುತ್ತದೆ.

ಸದಸ್ಯರಿಗೆ ಅಭ್ಯಾಸ

ಮುಂಗಾರಿಗೆ ಮೊದಲು ಪ್ರತಿ ಸದಸ್ಯರು ತಮ್ಮ ವಾರ್ಡಿನ ನದಿದಂಡೆಯ ಮನೆಗಳ ಅಳತೆಯನ್ನು ಸಂಗ್ರಹಿಸಿ, ಮೇಲಿನ ಮಾದರಿಯಲ್ಲಿ ಪಟ್ಟಿ ಹಾಗೂ ಹಿಸ್ಟೋಗ್ರಾಂ ಸಿದ್ಧಪಡಿಸಿ ವಾರ್ಡ್ ಸಭೆಯ ಮುಂದಿಡುವುದು. ನದಿ ಇಲ್ಲದ ಗ್ರಾಮಗಳಲ್ಲಿ ಕುಡಿಯುವ ನೀರಿನ ಪೂರೈಕೆಗೆ ಇದೇ ವಿಧಾನ ಅನ್ವಯಿಸುತ್ತದೆ: ಜಲ ಜೀವನ್ ಮಿಷನ್ ಅಡಿಯಲ್ಲಿ ನಿಗದಿಯಾಗಿರುವ ದಿನಕ್ಕೆ ತಲಾ 55 ಲೀಟರ್ ಪ್ರಮಾಣವು ಎಷ್ಟು ಮನೆಗಳಿಗೆ ತಲುಪುತ್ತಿದೆ, ಎಷ್ಟು ಮನೆಗಳಿಗೆ ಇಲ್ಲ ಎಂದು ವಿಂಗಡಿಸುವುದು. ಎರಡೂ ಸಂದರ್ಭಗಳಲ್ಲಿ ಸರಾಸರಿಯನ್ನು ಓದಿ ಸಭೆ ಮುಗಿಸದೆ, ಪಟ್ಟಿಯ ಕೊನೆಯ ಸಾಲಿನಲ್ಲಿರುವ ಮನೆಗಳ ಬಗ್ಗೆ ನಿರ್ಣಯ ಕೈಗೊಂಡ ನಂತರವೇ ಮುಂದಿನ ವಿಷಯಕ್ಕೆ ಹೋಗುವುದು.