ರದ್ದಾದ ಆದೇಶದ ಸರಕು ಬಂದಿಳಿದಾಗ

ಮಡಿಕೇರಿಯ ಕಾಳುಮೆಣಸು ವರ್ತಕರೊಬ್ಬರು ಬೆಂಗಳೂರಿನ ತಯಾರಕರಿಗೆ 60,000 ರೂಪಾಯಿ ಮೌಲ್ಯದ ಪ್ಯಾಕಿಂಗ್ ಚೀಲಗಳಿಗಾಗಿ ಆನ್‌ಲೈನ್‌ನಲ್ಲಿ ಆದೇಶ ನೀಡಿ, ರವಾನೆಗೆ ಮೊದಲೇ ಅದನ್ನು ರದ್ದುಪಡಿಸಿದರೆಂದೂ, ತಯಾರಕರು ಒಪ್ಪಿದ ಮೇಲೂ ಸರಕು ಬಂದಿತೆಂದೂ ಭಾವಿಸೋಣ. ಇಲ್ಲಿ ಅಪಾಯವಿರುವುದು ಮೌನದಲ್ಲಿ.

1. ಸರಕು: 1930ರ ಸರಕು ಮಾರಾಟ ಅಧಿನಿಯಮದ 42ನೆಯ ಪ್ರಕರಣದಂತೆ, ತಿರಸ್ಕಾರವನ್ನು ತಿಳಿಸದೆ ಯುಕ್ತ ಕಾಲ ಮೀರಿ ಇಟ್ಟುಕೊಂಡ ಸರಕು ಸ್ವೀಕೃತವೆನಿಸುತ್ತದೆ, ಬಳಸಿದರೂ ಮಾರಿದರೂ ಹಾಗೆಯೇ. ಆದ್ದರಿಂದ ಕಟ್ಟು ಬಿಚ್ಚದೆ ಪ್ರತ್ಯೇಕವಾಗಿರಿಸಿ, ರದ್ದತಿಯ ದಾಖಲೆಯೊಡನೆ ಕೂಡಲೇ ಲಿಖಿತವಾಗಿ ತಿಳಿಸಬೇಕು. ಬೇರೆ ಕರಾರಿಲ್ಲದಿದ್ದಲ್ಲಿ, ಹಕ್ಕಿನಿಂದ ತಿರಸ್ಕರಿಸಿದ ಸರಕನ್ನು ಹಿಂದಿರುಗಿಸುವ ಹೊಣೆ ಖರೀದಿದಾರರದಲ್ಲವೆಂದು 43ನೆಯ ಪ್ರಕರಣ ಹೇಳುತ್ತದೆ.

2. ಇ-ವೇ ಬಿಲ್: ಮೌಲ್ಯ 50,000 ರೂಪಾಯಿ ಮೀರಿರುವುದರಿಂದ ಇದು ಅಗತ್ಯ. ಪೋರ್ಟಲ್‌ನಲ್ಲಿ ವಿವರ ದೊರೆತ ಅಥವಾ ಸರಕು ತಲುಪಿದ ಸಮಯ, ಇವೆರಡರಲ್ಲಿ ಮೊದಲಿನದರಿಂದ 72 ಗಂಟೆಯೊಳಗೆ ನೋಂದಾಯಿತ ಖರೀದಿದಾರರು ತಿರಸ್ಕರಿಸದಿದ್ದರೆ ಒಪ್ಪಿದಂತಾಗುತ್ತದೆ.

3. ತೆರಿಗೆ: 2024ರ ಅಕ್ಟೋಬರ್‌ನಿಂದ ಜಿಎಸ್‌ಟಿ ಪೋರ್ಟಲ್‌ನಲ್ಲಿರುವ ಇನ್‌ವಾಯ್ಸ್ ನಿರ್ವಹಣಾ ವ್ಯವಸ್ಥೆಯಲ್ಲಿಯೂ ಆ ಬಿಲ್ಲನ್ನು ತಿರಸ್ಕರಿಸಬೇಕು, ಸುಮ್ಮನಿದ್ದರೆ ಅಲ್ಲಿಯೂ ಸ್ವೀಕೃತವೇ. ಇನ್‌ಪುಟ್ ತೆರಿಗೆ ಜಮೆ ಪಡೆಯಲಾಗದು. ಖರೀದಿ ಪುಸ್ತಕದಲ್ಲಿ ನಮೂದೂ ಸಲ್ಲದು.

ಮುಂಗಡ ಪಾವತಿಸಿದ್ದರೆ ಮರುಪಾವತಿಯ ಬೇಡಿಕೆಯನ್ನೂ ಅದೇ ಪತ್ರದಲ್ಲಿ ಸೇರಿಸಿ, ಪ್ರತಿಯನ್ನು ಕಾಯ್ದಿರಿಸುವುದು ಕ್ಷೇಮ.