ಮೂರು ಬಣ್ಣದ ಬೆಕ್ಕು ಹೆಣ್ಣೇ ಏಕೆ?

ಕಳೆದ ಆಟಿ ತಿಂಗಳ ಬಿರುಮಳೆಯಲ್ಲಿ ನಮ್ಮ ಶಾಲೆಯ ಅಡುಗೆಮನೆಯ ಹಿಂದಿನ ಸೌದೆಕೊಟ್ಟಿಗೆಯಲ್ಲಿ ಬೆಕ್ಕೊಂದು ನಾಲ್ಕು ಮರಿ ಹಾಕಿದ್ದು ಮಕ್ಕಳಿಗೆಲ್ಲ ನೆನಪಿರಬಹುದು. ತಾಯಿ ಮೂರು ಬಣ್ಣದ್ದು. ಬಿಳಿ ಮೈಯ ಮೇಲೆ ಕಪ್ಪು ಮತ್ತು ಕೆಂಚು ಮಚ್ಚೆಗಳು. ಮರಿಗಳಲ್ಲಿ ಎರಡು ತಾಯಿಯಂತೆಯೇ, ಒಂದು ಕೆಂಚು, ಇನ್ನೊಂದು ಕಪ್ಪು. ಅವು ಕಣ್ಣು ಬಿಟ್ಟು ಓಡಾಡತೊಡಗಿದ ಮೇಲೆ ಅವುಗಳಿಗೆ ಮನೆ ಹುಡುಕುವ ಕೆಲಸ ಒಂಬತ್ತನೆಯ ತರಗತಿಯವರ ಪಾಲಿಗೆ, ಅವರಿಂದ ನನ್ನ ಪಾಲಿಗೆ ಬಂತು. ಕೇಳಿದ ಮನೆಗಳಲ್ಲೆಲ್ಲ ಒಂದೇ ಮಾತು: "ಗಂಡಾದರೆ ಕೊಡಿ, ಹೆಣ್ಣಾದರೆ ಬೇಡ. ಅದರ ಮರಿಗಳನ್ನು ಸಾಕುವವರು ಯಾರು?" ಕಪ್ಪು ಮರಿಯಂತೂ ಗಂಡಾದರೂ ಬೇಡವೆಂದರು. ಬೆಳಗ್ಗೆ ಹೊರಡುವಾಗ ಅಡ್ಡ ಬಂದರೆ ಕೆಲಸ ಕೆಡುತ್ತದೆ ಎಂಬ ಹೆದರಿಕೆ.

ಎಳೆಯ ಮರಿಗಳಲ್ಲಿ ಗಂಡು ಹೆಣ್ಣು ಗುರುತಿಸುವುದು ಅಭ್ಯಾಸವಿಲ್ಲದವರಿಗೆ ಕಷ್ಟ. ಹುಡುಗನೊಬ್ಬ ಮೂರು ಬಣ್ಣದ ಮರಿಯನ್ನು ಎದೆಗೊತ್ತಿಕೊಂಡು, "ಮಾಸ್ಟ್ರೇ, ಇದು ಗಂಡಲ್ಲವಾ?" ಎಂದು ಆಸೆಯಿಂದ ಕೇಳಿದ. "ಅಲ್ಲ, ಮೂರು ಬಣ್ಣದ್ದು ಹೆಣ್ಣೇ" ಎಂದೆ. "ಯಾಕೆ?" ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಅದು ನನ್ನ ಅಜ್ಜಿಯಿಂದ ಕೇಳಿದ ಮಾತು. ಕೆಂಚು ಬೆಕ್ಕು ಗಂಡು ಎಂದೂ ಅವರು ಹೇಳುತ್ತಿದ್ದರು. ಆ ಎರಡನೆಯ ಮಾತನ್ನು ನಂಬಿ ಕೆಂಚು ಮರಿಯನ್ನು "ಗಂಡು" ಎಂದು ಧೈರ್ಯವಾಗಿ ಒಂದು ಮನೆಗೆ ಕೊಟ್ಟುಬಿಟ್ಟೆ. ಅದರ ಫಲವೇನಾಯಿತೆಂಬುದನ್ನು ಮುಂದೆ ಹೇಳುತ್ತೇನೆ. ಹುಡುಗನ ಪ್ರಶ್ನೆಯನ್ನು ಜೀವಶಾಸ್ತ್ರದ ಟೀಚರ ಬಳಿ ಒಯ್ದೆ. ಅವರು ಕೊಟ್ಟ ಪುಸ್ತಕಗಳನ್ನು ಓದಿದೆ. ಅಂದು ತರಗತಿಯಲ್ಲಿ ಕೊಡಲಾಗದ ಉತ್ತರವೇ ಈ ಲೇಖನ.

ಮೊದಲು ಒಂದು ಶಬ್ದದ ವಿಚಾರ. ಪ್ರತಿಯೊಂದು ಜೀವಕೋಶದ ಒಳಗೆ ನೂಲಿನ ಎಳೆಗಳಂತಹ ವರ್ಣತಂತುಗಳಿವೆ ಎಂದು ನೀವು ಪಾಠದಲ್ಲಿ ಓದಿದ್ದೀರಿ. 'ವರ್ಣ' ಎಂಬುದನ್ನು ಕಂಡು, ಮೈಗೆ ಬಣ್ಣ ಕೊಡುವ ತಂತು ಎಂದು ಅರ್ಥ ಬರೆಯುವವರುಂಟು. ಹಾಗಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಲು ಕೋಶಕ್ಕೆ ಬಣ್ಣ ಹಾಕಿದಾಗ ಈ ಎಳೆಗಳು ಅದನ್ನು ಚೆನ್ನಾಗಿ ಹೀರಿಕೊಂಡು ಎದ್ದು ಕಾಣುತ್ತವೆ. ಹೆಸರು ಬಂದದ್ದು ಅದರಿಂದ. ಈ ತಂತುಗಳಲ್ಲಿ ಸಾಲುಗಟ್ಟಿರುವ ವಂಶವಾಹಿಗಳೇ ಬಣ್ಣ, ಆಕಾರ ಮೊದಲಾದ ಗುಣಗಳನ್ನು ಪೀಳಿಗೆಯಿಂದ ಪೀಳಿಗೆಗೆ ಸಾಗಿಸುತ್ತವೆ. ಮನುಷ್ಯನಿಗೆ 46 ವರ್ಣತಂತುಗಳಾದರೆ ಬೆಕ್ಕಿಗೆ 38, ಅಂದರೆ 19 ಜೊತೆ. ಅವುಗಳಲ್ಲಿ ಒಂದು ಜೊತೆ ಲಿಂಗವನ್ನು ನಿರ್ಧರಿಸುತ್ತದೆ. ಹೆಣ್ಣಿನಲ್ಲಿ ಅದು ಎರಡು ಎಕ್ಸ್. ಗಂಡಿನಲ್ಲಿ ಒಂದು ಎಕ್ಸ್, ಒಂದು ವೈ. ತಾಯಿ ಕೊಡುವುದು ಯಾವಾಗಲೂ ಎಕ್ಸ್. ತಂದೆ ಎಕ್ಸ್ ಕೊಟ್ಟರೆ ಮರಿ ಹೆಣ್ಣು, ವೈ ಕೊಟ್ಟರೆ ಗಂಡು. ಮನುಷ್ಯರಲ್ಲಿಯೂ ನಿಯಮ ಇದೇ. ಹೆಣ್ಣು ಹೆತ್ತಳೆಂದು ಸೊಸೆಯನ್ನು ದೂರುವ ಮನೆಗಳು ನಮ್ಮ ನಡುವೆ ಇನ್ನೂ ಇರುವುದರಿಂದ ಹಿರಿಯರು ಈ ವಾಕ್ಯವನ್ನು ಎರಡು ಸಲ ಓದಬೇಕೆಂದು ವಿನಂತಿ.

ಇನ್ನು ಬಣ್ಣಕ್ಕೆ ಬರೋಣ. ಬೆಕ್ಕಿನ ರೋಮಕ್ಕೆ ಬಣ್ಣ ಕೊಡುವ ದ್ರವ್ಯಗಳು ಎರಡೇ, ಒಂದು ಕಪ್ಪು, ಇನ್ನೊಂದು ಕೆಂಚು. ಬೂದು ಪಟ್ಟೆಯ ಬೆಕ್ಕೂ ಕಪ್ಪಿನ ಕಡೆಯದೇ; ಅದರ ಒಂದೊಂದು ರೋಮದಲ್ಲಿಯೂ ಕಪ್ಪು ಮತ್ತು ಮಾಸಲು ಹಳದಿ ಒಂದಾದ ಮೇಲೊಂದು ಬಂದಿರುತ್ತವೆ. ಬಿಳಿ ಒಂದು ಬಣ್ಣವೇ ಅಲ್ಲ, ಬಣ್ಣದ ಅಭಾವ. ಭ್ರೂಣದಲ್ಲಿ ವರ್ಣದ್ರವ್ಯ ತಯಾರಿಸುವ ಕೋಶಗಳು ಬೆನ್ನಿನ ಬಳಿ ಹುಟ್ಟಿ ಮೈಯೆಲ್ಲ ಹರಡಬೇಕು. 'ಕಿಟ್' ಎಂಬ ವಂಶವಾಹಿಯಲ್ಲಿ ಒಂದು ಬದಲಾವಣೆಯಿದ್ದರೆ ಅವು ಎಲ್ಲ ಕಡೆಗೂ ತಲುಪುವುದಿಲ್ಲ. ತಲುಪದ ಜಾಗ ಬಿಳಿ. ಬೆನ್ನಿಗೆ ದೂರವಾದ ಹೊಟ್ಟೆ ಮತ್ತು ಪಾದಗಳೇ ಹೆಚ್ಚಾಗಿ ಬಿಳಿಯಿರುವುದು ಇದರಿಂದಲೇ.

ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇದು. ಬಣ್ಣಕ್ಕೆ ಸಂಬಂಧಪಟ್ಟ ಇತರ ವಂಶವಾಹಿಗಳು ಬೇರೆ ತಂತುಗಳಲ್ಲಿದ್ದರೆ, ಕಪ್ಪೋ ಕೆಂಚೋ ಎಂದು ತೀರ್ಮಾನಿಸುವ ವಂಶವಾಹಿ ಇರುವುದು ಎಕ್ಸ್ ತಂತುವಿನಲ್ಲಿ. ಗಂಡಿಗೆ ಎಕ್ಸ್ ಒಂದೇ ಆದ್ದರಿಂದ ಅದು ಕಪ್ಪಾಗಿರಬೇಕು ಇಲ್ಲವೆ ಕೆಂಚಾಗಿರಬೇಕು; ಎರಡೂ ಆಗಲಾರದು. ಹೆಣ್ಣಿಗಾದರೋ ಒಂದು ಎಕ್ಸ್‌ನಲ್ಲಿ ಕಪ್ಪು, ಇನ್ನೊಂದರಲ್ಲಿ ಕೆಂಚು ಇರಬಹುದು. ಅದರ ಮೇಲೆ ಬಿಳಿಯೂ ಸೇರಿದರೆ ಮೂರು ಬಣ್ಣ.

ಆದರೆ ಹಾಗೆ ಎರಡೂ ಇದ್ದಾಗ ಬಣ್ಣಗಳು ಬೆರೆತು ಕಂದಾಗದೆ ಮಚ್ಚೆ ಮಚ್ಚೆಯಾಗಿ ಏಕೆ ಕಾಣುತ್ತವೆ? ಇದಕ್ಕೆ ಉತ್ತರ ಸಿಕ್ಕಿದ ರೀತಿ ಸ್ವಾರಸ್ಯವಾಗಿದೆ. 1949ರಲ್ಲಿ ಕೆನಡಾದಲ್ಲಿ ಮರ್ರೆ ಬಾರ್ ಎಂಬವರು ತಮ್ಮ ವಿದ್ಯಾರ್ಥಿ ಬರ್ಟ್ರಮ್ ಜೊತೆಗೂಡಿ ಬೆಕ್ಕಿನ ನರಕೋಶಗಳನ್ನು ಪರೀಕ್ಷಿಸುತ್ತಿದ್ದರು. ಅವರು ಹುಡುಕುತ್ತಿದ್ದುದು ಬೇರೇನನ್ನೋ. ಕೆಲವು ಬೆಕ್ಕುಗಳ ಕೋಶಗಳಲ್ಲಿ ಮಾತ್ರ ಒಂದು ಗಾಢವಾದ ಚುಕ್ಕೆ ಕಂಡಿತು. ದಾಖಲೆ ತೆಗೆದು ನೋಡಿದರೆ ಆ ಬೆಕ್ಕುಗಳೆಲ್ಲ ಹೆಣ್ಣು! ಆ ಚುಕ್ಕೆ ಮುದುಡಿಕೊಂಡ ಒಂದು ಎಕ್ಸ್ ತಂತು ಎಂಬುದು ಆಮೇಲೆ ತಿಳಿಯಿತು. 1961ರಲ್ಲಿ ಇಂಗ್ಲೆಂಡಿನ ಮೇರಿ ಲಯನ್ ಎಂಬ ವಿಜ್ಞಾನಿ ಇಲಿಗಳ ಮೈಬಣ್ಣವನ್ನು ಆಧಾರವಾಗಿಟ್ಟುಕೊಂಡು ಇದರ ಅರ್ಥವನ್ನು ಬಿಡಿಸಿದರು. ಹೆಣ್ಣು ಭ್ರೂಣ ಇನ್ನೂ ಬಹಳ ಎಳೆಯದಿರುವಾಗಲೇ ಒಂದೊಂದು ಕೋಶವೂ ತನ್ನ ಎರಡು ಎಕ್ಸ್‌ಗಳಲ್ಲಿ ಒಂದನ್ನು ಮುಚ್ಚಿಬಿಡುತ್ತದೆ. ಯಾವುದನ್ನು ಮುಚ್ಚುವುದೆಂಬುದಕ್ಕೆ ನಿಯಮವಿಲ್ಲ, ನಾಣ್ಯ ಚಿಮ್ಮಿದಂತೆ. ಒಮ್ಮೆ ಮುಚ್ಚಿದ ಮೇಲೆ ಆ ಕೋಶದಿಂದ ಹುಟ್ಟಿದ ಕೋಶಗಳಲ್ಲೆಲ್ಲ ಅದೇ ಎಕ್ಸ್ ಮುಚ್ಚಿರುತ್ತದೆ. ಕಪ್ಪಿನ ಎಕ್ಸ್ ಮುಚ್ಚಿದ ಕೋಶದ ಸಂತತಿ ಒಂದು ಕೆಂಚು ಮಚ್ಚೆ. ಕೆಂಚಿನದು ಮುಚ್ಚಿದಲ್ಲಿ ಕಪ್ಪು ಮಚ್ಚೆ. ಗರ್ಭದಲ್ಲಿ ನಡೆದ ಆ ನಾಣ್ಯದಾಟವನ್ನು ಬೆಕ್ಕು ಬದುಕಿಡೀ ಮೈಮೇಲೆ ಹೊತ್ತು ತಿರುಗುತ್ತದೆ.

ಅಮೆರಿಕದ ಟೆಕ್ಸಾಸಿನಲ್ಲಿ 2001ರ ಡಿಸೆಂಬರಿನಲ್ಲಿ ಮೂರು ಬಣ್ಣದ ಬೆಕ್ಕೊಂದರ ಕೋಶದಿಂದ ಅದರ ಪಡಿಯಚ್ಚನ್ನು ಹುಟ್ಟಿಸಿದಾಗ ಇದು ಚೆನ್ನಾಗಿ ಕಂಡುಬಂತು. ವಂಶವಾಹಿಗಳು ಅವೇ. ಆದರೆ ಹುಟ್ಟಿದ ಮರಿ ಬಿಳಿ ಮೈಯಲ್ಲಿ ಬೂದು ಪಟ್ಟೆಯದು, ಕೆಂಚಿನ ಸುಳಿವೇ ಇಲ್ಲ! ತೆಗೆದ ಕೋಶದಲ್ಲಿ ಕೆಂಚಿನ ಎಕ್ಸ್ ಮುಚ್ಚಿಹೋಗಿತ್ತು. ಅದು ಮತ್ತೆ ತೆರೆಯಲೇ ಇಲ್ಲ.

ಮೂರು ಬಣ್ಣದ ಗಂಡು ಇಲ್ಲವೇ ಇಲ್ಲವೆ? ಅಪರೂಪಕ್ಕೆ ಉಂಟು. ಸುಮಾರು 3,000 ಮೂರು ಬಣ್ಣದ ಬೆಕ್ಕುಗಳಲ್ಲಿ ಒಂದು ಗಂಡು ಎಂದು ಹೇಳುತ್ತಾರೆ. ಅಂಥವುಗಳಲ್ಲಿ ಹೆಚ್ಚಿನವಕ್ಕೆ ಎರಡು ಎಕ್ಸ್ ಮತ್ತು ಒಂದು ವೈ ಇರುತ್ತದೆ. ಸಾಮಾನ್ಯವಾಗಿ ಅವಕ್ಕೆ ಸಂತಾನವಿಲ್ಲ. ಜಪಾನೀಯರು ಇಂತಹ ಗಂಡನ್ನು ಸಮುದ್ರಯಾನಕ್ಕೆ ಶುಭವೆಂದು ನಂಬುತ್ತಾರೆ. 1956ರಲ್ಲಿ ದಕ್ಷಿಣ ಧ್ರುವಪ್ರದೇಶಕ್ಕೆ ಹೊರಟ ಅವರ ಹಡಗಿನಲ್ಲಿ ಟಕೇಶಿ ಎಂಬ ಮೂರು ಬಣ್ಣದ ಗಂಡು ಬೆಕ್ಕೂ ಇತ್ತು. ನಮ್ಮಲ್ಲಿ ಕಪ್ಪು ಬೆಕ್ಕು ಅಪಶಕುನ, ಅಲ್ಲಿ ಇದು ಶುಭಶಕುನ. ಪಾಪ, ಬೆಕ್ಕಿಗೆ ಎರಡೂ ಗೊತ್ತಿಲ್ಲ.

ಇನ್ನು ನನ್ನ ತಪ್ಪಿನ ಕಥೆ. ಧನುರ್ಮಾಸದ ಒಂದು ಬೆಳಗ್ಗೆ ಕೆಂಚು ಮರಿಯನ್ನು ಕೊಂಡುಹೋದ ಮನೆಯ ಯಜಮಾನರು ಗೋಣಿಚೀಲ ಹಿಡಿದುಕೊಂಡು ಶಾಲೆಗೆ ಬಂದರು. "ಮಾಸ್ಟ್ರೇ, ನೀವು ಕೊಟ್ಟ ಗಂಡು ಬೆಕ್ಕು ಮರಿ ಹಾಕ್ಲಿಕ್ಕುಂಟಲ್ಲ!" ಎಂದರು. ಅಧ್ಯಾಪಕರ ಕೋಣೆಯಲ್ಲಿ ನಗದವರಿಲ್ಲ. ಬೆಕ್ಕು ಈಗ ನಮ್ಮ ಮನೆಯಲ್ಲಿದೆ.

ಅಜ್ಜಿಯ ಎರಡನೆಯ ಮಾತು ಪೂರ್ತಿ ಸುಳ್ಳೂ ಅಲ್ಲ. ಒಂದು ಊರಿನ ಬೆಕ್ಕುಗಳ ಎಕ್ಸ್ ತಂತುಗಳಲ್ಲಿ ನಾಲ್ಕಕ್ಕೆ ಒಂದರಲ್ಲಿ ಕೆಂಚು ಇದೆ ಎಂದಿಟ್ಟುಕೊಳ್ಳಿ. ಗಂಡಿಗೆ ಎಕ್ಸ್ ಒಂದೇ. ಆದ್ದರಿಂದ 100 ಗಂಡುಗಳಲ್ಲಿ 25 ಕೆಂಚು. ಹೆಣ್ಣು ಪೂರ್ತಿ ಕೆಂಚಾಗಬೇಕಾದರೆ ಎರಡು ಎಕ್ಸ್‌ಗಳಲ್ಲಿಯೂ ಕೆಂಚೇ ಇರಬೇಕು. ಕಾಲರಲ್ಲಿ ಕಾಲು, ಅಂದರೆ ಹದಿನಾರರಲ್ಲಿ ಒಂದು; 100 ಹೆಣ್ಣುಗಳಲ್ಲಿ ಸುಮಾರು 6. ಹಾಗಾಗಿ ಆ ಊರಿನ ಕೆಂಚು ಬೆಕ್ಕುಗಳಲ್ಲಿ ಐದಕ್ಕೆ ನಾಲ್ಕು ಗಂಡೇ. ನನ್ನ ಕೈಗೆ ಸಿಕ್ಕಿದ್ದು ಐದನೆಯದು.

ಆದರೆ ಆ ತಪ್ಪು ಒಂದು ಸುಳಿವನ್ನೂ ಕೊಟ್ಟಿತು. ಕೆಂಚು ಹೆಣ್ಣಿಗೆ ಎರಡೂ ಕಡೆಯಿಂದ ಕೆಂಚಿನ ಎಕ್ಸ್ ಬಂದಿರಬೇಕು. ಎಂದಮೇಲೆ ತಂದೆ ಕೆಂಚು ಬೆಕ್ಕೇ. ಶಾಲೆಯ ಹಿಂದಿನ ಓಣಿಯಲ್ಲಿ ಅಂಥದೊಂದು ಓಡಾಡುವುದನ್ನು ನಾವೆಲ್ಲ ಕಂಡಿದ್ದೇವೆ. ಆ ತಂದೆಯ ಹೆಣ್ಣುಮಕ್ಕಳಿಗೆಲ್ಲ ಒಂದು ಕೆಂಚಿನ ಎಕ್ಸ್ ಬಂದೇ ಬರಬೇಕು. ಹಾಗಿದ್ದರೆ ಕೆಂಚಿಲ್ಲದ ಕಪ್ಪು ಮರಿ? ಅದು ಹೆಣ್ಣಾಗಿರಲು ಸಾಧ್ಯವೇ ಇಲ್ಲ! ಬೆಕ್ಕುಗಳಲ್ಲಿ ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ತಂದೆಯರಿರುವುದೂ ಉಂಟಾದ್ದರಿಂದ ಲೆಕ್ಕವನ್ನಷ್ಟೇ ನಂಬದೆ, ಯಾರಿಗೂ ಬೇಡವಾಗಿ ಸೌದೆಕೊಟ್ಟಿಗೆಯಲ್ಲಿಯೇ ಬೆಳೆದ ಕಪ್ಪು ಬೆಕ್ಕನ್ನು ಜೀವಶಾಸ್ತ್ರದ ಟೀಚರು ಹಿಡಿದು ನೋಡಿದರು. ಗಂಡು. ಮನೆಮನೆಯವರೂ ಕೇಳಿದ್ದ ಗಂಡು ಮರಿ ಅದೊಂದೇ ಆಗಿತ್ತು.

ಕೆಂಚಿನ ವಂಶವಾಹಿ ಲಿಂಗದೊಡನೆ ಸಾಗುತ್ತದೆ ಎಂಬುದನ್ನು ಅಮೆರಿಕದ ಲಿಟಲ್ ಎಂಬವರು 1912ರಲ್ಲಿಯೇ ಹೇಳಿದ್ದರು. ಆದರೆ ಅದು ಯಾವುದೆಂದು ಬೆರಳಿಟ್ಟು ತೋರಿಸಲು ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು. 2025ರಲ್ಲಿ ಜಪಾನಿನ ಕ್ಯೂಶು ವಿಶ್ವವಿದ್ಯಾಲಯದವರು ಮತ್ತು ಅಮೆರಿಕದ ಸ್ಟ್ಯಾನ್‌ಫರ್ಡ್‌ನವರು ಬೇರೆ ಬೇರೆಯಾಗಿ ಹುಡುಕಿ ಒಂದೇ ಉತ್ತರವನ್ನು ಪ್ರಕಟಿಸಿದರು. ಎಕ್ಸ್ ತಂತುವಿನ ಒಂದು ಜಾಗದಲ್ಲಿ ಸುಮಾರು 5,000 ಅಕ್ಷರಗಳಷ್ಟು ಬರಹ ಬಿಟ್ಟುಹೋಗಿದೆ. ಅದರಿಂದಾಗಿ, ಬಣ್ಣದ ಕೋಶಗಳಲ್ಲಿ ಸುಮ್ಮನಿರಬೇಕಾದ ಒಂದು ವಂಶವಾಹಿ ಅಲ್ಲಿ ಕೆಲಸಕ್ಕೆ ತೊಡಗಿ, ಕೋಶ ಕಪ್ಪನ್ನು ಬಿಟ್ಟು ಕೆಂಚನ್ನು ತಯಾರಿಸುತ್ತದೆ. ಮಕ್ಕಳ ಉಕ್ತಲೇಖನದಲ್ಲಿ ಅಕ್ಷರ ಬಿಟ್ಟುಹೋದರೆ ಅಂಕ ಕಳೆಯುವುದು ನನ್ನ ಪದ್ಧತಿ. ಇಲ್ಲಿ ಐದು ಸಾವಿರ ಅಕ್ಷರ ಬಿಟ್ಟುಹೋಗಿ ಇಷ್ಟು ಚೆಂದದ ಬಣ್ಣ ಬಂದಿದೆ.

ರಜೆಯಲ್ಲಿ ಮಾಡಲು ಒಂದು ಲೆಕ್ಕ. ನೆರೆಮನೆಯ ಕಪ್ಪು ತಾಯಿಬೆಕ್ಕು ಮೂರು ಮರಿ ಹಾಕಿದೆ: ಎರಡು ಕಪ್ಪು, ಒಂದು ಮೂರು ಬಣ್ಣದ್ದು. ತಂದೆ ಒಂದೇ. ಅದರ ಬಣ್ಣ ಯಾವುದು? ಕಪ್ಪು ಮರಿಗಳು ಗಂಡೋ ಹೆಣ್ಣೋ? ಉತ್ತರವನ್ನು ಕಾರಣಸಹಿತ ಬರೆದು ಜೂನ್ ತಿಂಗಳ ಮೊದಲ ವಾರ ನನಗೆ ತೋರಿಸಿರಿ.